ಬೆಂಕಿಗೆ ಒಗ್ಗದ ಕೀ

ಎಂಬತ್ತರ ದಶಕದಲ್ಲಿ ಮಂಗಳೂರಿನ ವಾದ್ಯ ರಿಪೇರಿ ಅಂಗಡಿಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಅಲ್ಲಿಗೆ ಬರುತ್ತಿದ್ದ ಕ್ಲಾರಿನೆಟ್‌ಗಳೆಲ್ಲ ಬ್ಯಾಂಡಿನವರ ಕೈಯಿಂದ ಕೈಗೆ ದಾಟಿದ ಹಳೆಯ ಮಾಲು. ಮರದ ಮೈ ಸೀಳಿದ್ದರೂ ಕೀಗಳು ಮಾತ್ರ ಗಟ್ಟಿ. ಅವು ಜರ್ಮನ್ ಸಿಲ್ವರ್: ನೂರರಲ್ಲಿ ಅರವತ್ತರ ಆಸುಪಾಸು ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ಹಿತ್ತಾಳೆಗಿಂತ ಬಿಗಿ, ಆದರೂ ಸೊಟ್ಟಗಾದರೆ ತಣ್ಣಗಿರುವಾಗಲೇ ಬಗ್ಗಿಸಿ ಸರಿಮಾಡಬಹುದು. ಸ್ಯಾಕ್ಸೋಫೋನಿನ ದಪ್ಪ ಕೀಗಳಿಗೆ ಹಿತ್ತಾಳೆ ಸಾಕು. ಕ್ಲಾರಿನೆಟ್ಟಿನ ಸಪೂರ ಕೀಗೆ ಅದು ಮೆದುವಾಯಿತು.

ಮುರಿದ ಕೀಗೆ ನಮ್ಮ ಧಣಿಗಳು ಮಾಡುತ್ತಿದ್ದುದು ಅಕ್ಕಸಾಲಿ ಕೆಲಸವೇ. ಎರಡೂ ತುದಿಗಳನ್ನು ಅರದಿಂದ ತಿಕ್ಕಿ, ಬಿಳಿಗಾರ ಹಚ್ಚಿ, ತಂತಿಯಲ್ಲಿ ಬಿಗಿದು, ಬೆಳ್ಳಿ ಬೆಸುಗೆಯ ಚೂರಿಟ್ಟು ಜ್ವಾಲೆ ಹಿಡಿಯುವರು. ಲೋಹ ಮಂಕು ಕೆಂಪಿಗೆ ತಿರುಗುತ್ತಿದ್ದಂತೆ ಚೂರು ಕರಗಿ ಸಂದಿಯೊಳಗೆ ಸರ್ರನೆ ಇಳಿಯುತ್ತಿತ್ತು. ಮೊದಲೇ ಉಕ್ಕಿನ ಸ್ಪ್ರಿಂಗ್ ಬಿಚ್ಚಿಡಬೇಕು. ಬೆಂಕಿ ತಾಗಿದರೆ ಅದರ ಕಸುವು ಹೋಯಿತೆಂದೇ ಲೆಕ್ಕ.

ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ಕಛೇರಿಗೇ ತಂದರಲ್ಲ, ಆಮೇಲೆ ನಮ್ಮ ಕಡೆ ಊದಲು ಕಲಿಯುವ ಹುಡುಗರು ಹೆಚ್ಚಿದರು. ಹಿಂದೆಯೇ ಅಗ್ಗದ ವಾದ್ಯಗಳೂ ಬಂದವು. ಒಮ್ಮೆ ಥಳಥಳ ಹೊಳೆಯುವ ಕ್ಲಾರಿನೆಟ್ಟೊಂದರ ಕೀ ಮುರಿದು ಬಂತು. ಮುರಿದ ಬಾಯಿ ಬೂದು ಬಣ್ಣ, ಮುಟ್ಟಿದರೆ ಹರಳು ಹರಳು. ಧಣಿಗಳು ಕನ್ನಡಕ ಏರಿಸಿ ನೋಡಿ, “ಸತುವಿನ ಎರಕ ಮಾರಾಯ, ಬೆಂಕಿ ತೋರಿಸಬೇಡ” ಎಂದರು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬೆಳ್ಳಿ ಬೆಸುಗೆ ಹರಿಯಲು 600ಕ್ಕೂ ಮೇಲೆ ಬೇಕು. ಬೆಸುಗೆ ಅಲುಗುವ ಮೊದಲೇ ಕೀ ತೊಟ್ಟಿಕ್ಕಿರುತ್ತದೆ. ಬಗ್ಗಿಸಹೋದರೆ ಚಟ್ಟನೆ ಎರಡು ತುಂಡು. ಮೇಲಿನ ನಿಕ್ಕಲ್ ಲೇಪ ಮಾತ್ರ ಒಳ್ಳೆಯ ಕೀಯದ್ದೇ ಥರ.

ಅಲ್ಲಿಂದ ಕೆಲಸದ ದಾರಿಯೇ ಬದಲಾಯಿತು. ಗುಜರಿಗೆ ಹೋಗಬೇಕಿದ್ದ ಹಳೆಯ ಕ್ಲಾರಿನೆಟ್‌ಗಳ ಕೀಗಳನ್ನು ಬಿಸ್ಕೆಟ್ ಡಬ್ಬಿಯಲ್ಲಿ ಕೂಡಿಟ್ಟು, ಅವನ್ನೇ ಕೊಯ್ದು ಜೋಡಿಸಿ ಹೊಸ ಕೀ ಮಾಡುತ್ತಿದ್ದೆವು. ಮಜೂರಿ ಕೇಳಿ ಗಿರಾಕಿಗಳು ಹೌಹಾರುತ್ತಿದ್ದರು. ಧಣಿಗಳಿಗೆ ಆ ಅಗ್ಗದ ಮಾಲು ಕಂಡರೆ ಅಸಹ್ಯ. ನನಗೆ ಅಷ್ಟಿಲ್ಲ: ಆ ಬೆಲೆಗೆ ಸಿಗದಿದ್ದರೆ ಅರ್ಧಕ್ಕರ್ಧ ಹುಡುಗರು ವಾದ್ಯ ಮುಟ್ಟುತ್ತಲೇ ಇರಲಿಲ್ಲ.

ಒಳ್ಳೆಯ ಕ್ಲಾರಿನೆಟ್‌ಗಳಿಗೆ ಇಂದಿಗೂ ಜರ್ಮನ್ ಸಿಲ್ವರ್ ಕೀಗಳೇ, ಮೇಲೆ ಬೆಳ್ಳಿ ಅಥವಾ ನಿಕ್ಕಲ್ ಲೇಪ. ಕೊಳ್ಳುವವರು ಕೇಳಿದರೆ ನಾನು ಬೆಳ್ಳಿಯದ್ದೇ ಹೇಳುತ್ತೇನೆ. ಅದು ಕಪ್ಪಾಗುತ್ತದೆ, ದಿನಾ ಒರೆಸಬೇಕು, ನಿಜ. ಆದರೆ ನಮ್ಮ ಸೆಖೆಯಲ್ಲಿ, ಬೆವರಿದ ಬೆರಳಿಗೆ ನಿಕ್ಕಲ್ ಜಾರುತ್ತದೆ. ಕೆಲವರಿಗೆ ತುರಿಕೆ ಬೇರೆ.