ಈಲಿ ತುಂಡು ಯಾರ ತಟ್ಟೆಗೆ?

ಬೆಂಗಳೂರಿನಿಂದ ಕೋಲಾರದ ಬಸ್ಸು ಹತ್ತಿದರೆ, ಹೊಸಕೋಟೆ ದಾಟಿದ ಮೇಲೆ, ಕೋಲಾರಕ್ಕಿಂತ ಮುಂಚೆ ಸಿಗುವ ಊರು ನರಸಾಪುರ. ಈಗ ಈ ಹೆಸರು ಕೇಳಿದರೆ ಎಲ್ಲರಿಗೂ ಕಾರ್ಖಾನೆಗಳೇ ನೆನಪಾಗುತ್ತವೆ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆ ಬಂತು. 2023ರಲ್ಲಿ ಅದನ್ನು ಟಾಟಾದವರು ಕೊಂಡರು. ಪಾಳಿ ಮುಗಿಸಿದ ಹೆಣ್ಣುಮಕ್ಕಳ ಬಸ್ಸುಗಳು ಒಂದರ ಹಿಂದೆ ಒಂದು ಹೋಗುವುದನ್ನು ನೀವು ಈ ರಸ್ತೆಯಲ್ಲಿ ನೋಡಬಹುದು.

ಆದರೆ ಹೆದ್ದಾರಿ ಬಿಟ್ಟು ಹಳ್ಳಿಗಳ ಕಡೆ ತಿರುಗಿ ನೋಡಿ, ಹಳೆಯ ಕೋಲಾರ ಸೀಮೆ ಹಾಗೇ ಇದೆ. ರಾಗಿ ಹೊಲ, ಟೊಮೆಟೊ ತೋಟ, ಹಿಪ್ಪುನೇರಳೆ, ಮನೆ ಮುಂದೆ ಕಟ್ಟಿದ ಸೀಮೆಹಸು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ಇದು. ಆದರೂ ಹಾಲು, ರೇಷ್ಮೆ, ಚಿನ್ನದ ನಾಡು ಅಂತ ಹೆಸರು ಪಡೆಯಿತು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು; ಹಾಲು ಮಾತ್ರ ನಿಂತಿಲ್ಲ. ಬೆಳಗಾಗೆದ್ದು ಸಗಣಿ ಬಾಚಿ, ಹುಲ್ಲು ಹಾಕಿ, ಡೇರಿಗೆ ಹಾಲು ಹೊತ್ತುಕೊಂಡು ಹೋಗುವವರಲ್ಲಿ ಹೆಂಗಸರೇ ಹೆಚ್ಚು.

ಇಂಥ ಸೀಮೆಯಲ್ಲಿ ಮನೆಗೆ ಕೋಳಿ ಬಂದ ದಿನ ಏನಾಗುತ್ತದೆ, ನಿಮಗೇ ಗೊತ್ತು. ತೊಡೆ ಅಳಿಯನಿಗೆ, ಈಲಿ ಮಕ್ಕಳಿಗೆ, ಇಲ್ಲವೇ ಯಜಮಾನರಿಗೆ. ಗಂಟೆಗಟ್ಟಲೆ ಒಲೆ ಮುಂದೆ ನಿಂತವಳಿಗೆ ಕತ್ತಿನ ಮೂಳೆ, ತಳದ ಸಾರು! ಆದರೆ ಆ ಈಲಿ ಮೊದಲು ಬೇಕಾದದ್ದು ಅವಳಿಗೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. 100 ಗ್ರಾಂ ಕೋಳಿ ಈಲಿಯಲ್ಲಿ ಸುಮಾರು 9 ಮಿಲಿಗ್ರಾಂ ಕಬ್ಬಿಣವಿದೆ, ಬರೀ ಮಾಂಸದಲ್ಲಿ 1 ಮಿಲಿಗ್ರಾಂ ಆಸುಪಾಸು. ರಾಗಿಯಲ್ಲೂ ಕಬ್ಬಿಣ ಇದೆ, ಆದರೆ ಮೈಗೆ ಹತ್ತುವುದು ಕಡಿಮೆ. ಜೊತೆಗೆ ಮಾಂಸದ ತುಂಡಿದ್ದರೆ ಅದೂ ಚೆನ್ನಾಗಿ ಹತ್ತುತ್ತದೆ. ಮುದ್ದೆಗೆ ಈಲಿ ಗೊಜ್ಜು ಎಷ್ಟು ಒಳ್ಳೆಯ ಜೋಡಿ ನೋಡಿ!

ಈಲಿ ಒಣಕಲು ಅಂತ ಮೂಗು ಮುರಿಯುವವರಿಗೆ ಮನೆಯ ಹಾಲಿನ ಕೆನೆಯೇ ಉಪಾಯ. ಗಸಗಸೆ, ಕಾಯಿ ಅರೆದ ನಮ್ಮ ಮಸಾಲೆಗೆ ಕೊನೆಯಲ್ಲಿ ಕೆನೆ ಸೇರಿಸಿದರೆ ಗೊಜ್ಜು ಬೆಣ್ಣೆಯ ಹಾಗೆ ನುಣ್ಣಗಾಗುತ್ತದೆ.

ಬೇಕಾಗುವ ಸಾಮಗ್ರಿ (ನಾಲ್ವರಿಗೆ): ಕೋಳಿ ಈಲಿ 200 ಗ್ರಾಂ, ಗಿಜರ್ಡ್ ಮತ್ತು ಗುಂಡಿಗೆ 200 ಗ್ರಾಂ (ತೆಲುಗು ಮಾತಾಡುವ ಮನೆಗಳಲ್ಲಿ ಗಿಜರ್ಡಿಗೆ ಕಂದನಕಾಯ ಎನ್ನುತ್ತಾರೆ), ಈರುಳ್ಳಿ 2, ಟೊಮೆಟೊ 1, ಶುಂಠಿ–ಬೆಳ್ಳುಳ್ಳಿ ಅರೆದದ್ದು 2 ಚಮಚ, ಗಸಗಸೆ 1 ಚಮಚ, ಹುರಿಗಡಲೆ 1 ಚಮಚ, ಕಾಯಿತುರಿ ಅರ್ಧ ಹಿಡಿ, ಧನಿಯಾ ಪುಡಿ 2 ಚಮಚ, ಖಾರದ ಪುಡಿ 1 ಚಮಚ, ಚಕ್ಕೆ, ಲವಂಗ, ಅರಿಸಿನ, ಉಪ್ಪು, ಎಣ್ಣೆ, ಕೆನೆ 4 ಚಮಚ, ಕೊತ್ತಂಬರಿ ಸೊಪ್ಪು, ನಿಂಬೆಹಣ್ಣು.

ಮಾಡುವ ವಿಧಾನ: ಗಿಜರ್ಡಿನ ಒಳಗಿನ ಹಳದಿ ಪೊರೆ ಸುಲಿದು ತೊಳೆಯಿರಿ. ಈಲಿಗೆ ಹಸಿರು ಪಿತ್ತ ಅಂಟಿದ್ದರೆ ಆ ಭಾಗ ಕತ್ತರಿಸಿ ಎಸೆಯಿರಿ. ಸ್ವಲ್ಪ ಉಳಿದರೂ ಗೊಜ್ಜೆಲ್ಲಾ ಕಹಿ. ಗಿಜರ್ಡ್, ಗುಂಡಿಗೆಗೆ ಅರಿಸಿನ, ಉಪ್ಪು, ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸಿ. ಗಸಗಸೆ ನೆನೆಸಿ, ಕಾಯಿ, ಹುರಿಗಡಲೆ ಜೊತೆ ನುಣ್ಣಗೆ ಅರೆಯಿರಿ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಚಕ್ಕೆ, ಲವಂಗ, ಈರುಳ್ಳಿ, ಶುಂಠಿ–ಬೆಳ್ಳುಳ್ಳಿ ಬಾಡಿಸಿ, ಟೊಮೆಟೊ ಹಾಕಿ. ನೀರಿಂಗಿ ಎಣ್ಣೆ ಬಿಡುವ ತನಕ ಹುರಿಯಿರಿ. ಹುಳಿ ಹಸಿಯಾಗಿದ್ದರೆ ಕೆನೆ ಒಡೆಯುತ್ತದೆ, ಅವಸರ ಬೇಡ. ಪುಡಿಗಳು, ಅರೆದ ಮಸಾಲೆ, ಬೆಂದ ಗಿಜರ್ಡ್ ನೀರಿನ ಸಮೇತ ಹಾಕಿ ಕುದಿಸಿ. ಈಲಿ ಕೊನೆಗೆ. ಏಳೆಂಟು ನಿಮಿಷ ಸಾಕು. ಹೆಚ್ಚು ಬೆಂದರೆ ಹಿಟ್ಟಿನ ಹಾಗಾಗುತ್ತದೆ. ಆದರೆ ಒಂದು ತುಂಡು ಮುರಿದು ನೋಡಿ, ಒಳಗೆ ಕೆಂಪು ಉಳಿದಿರಬಾರದು; ಅರೆಬೆಂದ ಈಲಿಯಿಂದ ಹೊಟ್ಟೆ ಕೆಡುತ್ತದೆ. ಕೆನೆಯನ್ನು ಎರಡು ಚಮಚ ಬಿಸಿ ಗೊಜ್ಜಿನೊಡನೆ ಕಡೆದು, ಉರಿ ಆರಿಸಿದ ಮೇಲೆ ಬೆರೆಸಿ. ಕೊತ್ತಂಬರಿ ಉದುರಿಸಿ ನಿಂಬೆ ಹಿಂಡಿ.

ಮಾಂಸ ತಿನ್ನದ ಸೋದರಿಯರು ಇದೇ ಮಸಾಲೆಗೆ ಹಿದುಕಿದ ಅವರೆಬೇಳೆ ಹಾಕಿ ಮಾಡಿಕೊಳ್ಳಬಹುದು.

ಎರಡು ಎಚ್ಚರಿಕೆಯ ಮಾತು. ಈಲಿಯಲ್ಲಿ ‘ಎ’ ಜೀವಸತ್ವ ಬಹಳ. ಬಸುರಿಯರಿಗೆ ಅದು ಅತಿಯಾದರೆ ಮಗುವಿಗೆ ತೊಂದರೆ, ಡಾಕ್ಟರನ್ನು ಕೇಳದೆ ತಿನ್ನಬೇಡಿ. ಗೌಟ್ ಇದ್ದವರೂ ದೂರ ಇಡಿ. ಉಳಿದವರು ಊಟದ ಬೆನ್ನಲ್ಲೇ ಕಾಫಿ, ಟೀ ಕುಡಿಯಬೇಡಿ, ಒಂದು ಗಂಟೆ ತಡೆಯಿರಿ. ಇಲ್ಲದಿದ್ದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಕೋಳಿ ಅಂಗಡಿಯಲ್ಲಿ ಈಲಿ ಮಾಂಸಕ್ಕಿಂತ ಅಗ್ಗ. ಹಾಗಾಗಿ ಯುಗಾದಿಯ ಹೊಸತೊಡಕಿಗೇ ಕಾಯಬೇಕಾಗಿಲ್ಲ, ಹದಿನೈದು ದಿನಕ್ಕೊಮ್ಮೆ ಮಾಡಬಹುದು. ಎಲ್ಲರಿಗೂ ಬಡಿಸುವ ಮುಂಚೆ ಒಂದು ಬಟ್ಟಲಲ್ಲಿ ಎರಡು ತುಂಡು ತೆಗೆದು ಮುಚ್ಚಿಡಿ, ನಿಮಗೆ. ವಯಸ್ಸಿಗೆ ಬಂದ ಮಗಳಿದ್ದರೆ, ಪಾಳಿ ಮುಗಿಸಿ ಬರುವ ಸೊಸೆಯಿದ್ದರೆ, ಅವರ ಹೆಸರಿನಲ್ಲೂ ಎರಡೆರಡು. ಯಾರಾದರೂ ಯಾಕೆ ಅಂತ ಕೇಳಿದರೆ ಆ ನೂರಕ್ಕೆ 57ರ ಲೆಕ್ಕ ಹೇಳಿ.