ತುದಿ ಕೆರೆದ್ಯೇನೋ?

ಹೋದ ಶನಿವಾರ ಅಕ್ಕನ ಮನೆಗೆ ಹೋಗಿದ್ದೆ. ಚಪ್ಪಲಿ ಬಿಡೋಕೂ ಬಿಡದೆ ಅಕ್ಕನ ಮಗಳು ಹಿಡ್ಕೊಂಡಳು. ಏಳನೇ ಕ್ಲಾಸು.

"ಮಾಮ, ಸೋಮವಾರ ಸೈನ್ಸ್ ಎಕ್ಸಿಬಿಷನ್. ವಿದ್ಯುತ್ಕಾಂತ ಮಾಡ್ಬೇಕು. ನೀನು ಎಲೆಕ್ಟ್ರಿಕಲ್ ಇಂಜಿನಿಯರ್ ಅಲ್ವಾ?"

ಹೌದು, ಕಾಗದದ ಮೇಲೆ. ಡಿಗ್ರಿ ಎಲೆಕ್ಟ್ರಿಕಲ್, ಅನ್ನ ಹಾಕ್ತಿರೋದು ಸಾಫ್ಟ್‌ವೇರು. ಇದನ್ನ ಓದ್ತಿರೋರಲ್ಲಿ ಅರ್ಧ ಜನರ ಕತೆಯೂ ಇದೇ ಇರುತ್ತೆ ಬಿಡಿ :)

ಒಂದು ಮೂರಿಂಚಿನ ಮೊಳೆ, ಒಂದು ಸೆಲ್ಲು, ಒಂದಿಷ್ಟು ಗುಂಡುಪಿನ್ನು, ಎಸ್.ಪಿ. ರಸ್ತೆಯಲ್ಲಿ ಕೊಂಡ ಎನಾಮಲ್ ತಾಮ್ರದ ತಂತಿ. ಸುತ್ತುವ ಮೊದಲು ಗತ್ತಿನಿಂದ ಪಾಠ ಶುರು ಮಾಡಿದೆ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಹತ್ತಿರ ಇಟ್ಟ ದಿಕ್ಸೂಚಿಯ ಮುಳ್ಳು ತಿರುಗಿದ್ದನ್ನ ನೋಡಿದ. ಅಂದ್ರೆ ಕರೆಂಟು ಹರಿದಾಗ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತೆ. ತಂತಿಯನ್ನ ಸುರುಳಿ ಮಾಡಿದ್ರೆ ಒಂದೊಂದು ಸುತ್ತಿನದೂ ಕೂಡಿಕೊಳ್ಳುತ್ತೆ. ಒಳಗೆ ಕಬ್ಬಿಣ ಇಟ್ರೆ ಇನ್ನೂ ಜೋರು. ಯಾಕಂದ್ರೆ ಕಬ್ಬಿಣದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕಾಂತದ ಗುಂಪುಗಳಿವೆ. ಸಂತೆಯಲ್ಲಿ ಜನ ಇದ್ದ ಹಾಗೆ ಒಂದೊಂದು ಒಂದೊಂದು ಕಡೆ ಮುಖ ಮಾಡಿರ್ತವೆ. ಸುರುಳಿಯ ಕ್ಷೇತ್ರ ಬಂತು ಅಂದ್ರೆ ಪ್ರಾರ್ಥನೆಗೆ ನಿಂತ ಹಾಗೆ ಬಹುಪಾಲು ಒಂದೇ ಕಡೆ ತಿರುಗ್ತವೆ.

ಹುಡುಗಿ ತಲೆಯಾಡಿಸಿದಳು. ಐವತ್ತು ಸುತ್ತು ಸುತ್ತಿದೆ. ಸೆಲ್ಲಿಗೆ ಮುಟ್ಟಿಸಿದೆ. ಪಿನ್ನು ಮಿಸುಕಲಿಲ್ಲ. ಸೆಲ್ಲು ಬದಲಾಯಿಸಿದೆ... ಊಹೂಂ.

"ಮಾಮ, ಓದಿದ್ದೆಲ್ಲ ಮರ್ತೋಯ್ತಾ?"

ಬೇರೆ ದಾರಿ ಇರಲಿಲ್ಲ, ಊರಿಗೆ ಫೋನ್ ಮಾಡಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದ್ರು. "ತುದಿ ಕೆರೆದ್ಯೇನೋ?"

ಕೆರೆದಿರಲಿಲ್ಲ. ಬರೀ ತಾಮ್ರದ ಹಾಗೆ ಹೊಳೆಯುವ ಆ ತಂತಿಯ ಮೇಲೆ ಪೂರ್ತಿ ವಾರ್ನಿಷ್ ಪದರ ಇರುತ್ತೆ. ಸೆಲ್ಲಿಗೆ ಮುಟ್ಟುವ ಎರಡು ತುದಿಯಲ್ಲಿ ಅದನ್ನ ಬ್ಲೇಡಿನಿಂದ ಕೆರೆದು ತೆಗೀಬೇಕು.

ಇಲ್ಲಿ ಅಪ್ಪನ ವಿಷಯ ಹೇಳ್ಬೇಕು. ಅರಸೀಕೆರೆ ಕಡೆ ನಮ್ಮೂರು. ಅಪ್ಪನದು ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತು ಅಂದ್ರೆ ಸುಟ್ಟ ಪಂಪ್‌ಸೆಟ್ ಮೋಟರುಗಳ ಸಾಲು. ತೆಂಗಿನ ತೋಟ ಒಣಗ್ತಿರುತ್ತೆ, ರೈತರು ಬಾಗಿಲಲ್ಲೇ ಬೀಡಿ ಸೇದ್ತಾ ಕೂತಿರ್ತಿದ್ರು. ಅಪ್ಪ ಸುಟ್ಟ ಕಾಯಿಲಿನ ಸುತ್ತು ಎಣಿಸಿ, ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅಷ್ಟೇ ಸುತ್ತಿನ ಹೊಸದು ಸುತ್ತುತ್ತಿದ್ರು. ರಜೆಯಲ್ಲಿ ಎಣಿಸೋಕೆ ನನ್ನನ್ನ ಕರೆದ್ರೆ ಕ್ರಿಕೆಟ್ ಅಂತ ಓಡಿಹೋಗ್ತಿದ್ದೆ. ಅಪ್ಪನ ಬನಿಯನ್ನಿಗೆ ಅಂಟಿದ್ದ ಆ ವಾರ್ನಿಷ್ ವಾಸನೆ ನಂಗೆ ಆಗ್ತಿರಲಿಲ್ಲ.

ಕಾಲೇಜಿನಲ್ಲಿ ಯಾರಾದ್ರೂ ಅಪ್ಪ ಏನ್ ಮಾಡ್ತಾರೆ ಅಂದ್ರೆ "ಬಿಸಿನೆಸ್" ಅಂತಿದ್ದೆ. ಮೆಷೀನ್ಸ್ ಪೇಪರಿನಲ್ಲಿ ವೈಂಡಿಂಗ್ ಚಿತ್ರ ಬರೆದು ಮಾರ್ಕ್ಸ್ ತಗೊಂಡೆ. ಅದನ್ನೂ ಅಪ್ಪನಿಗೆ ಯಾವತ್ತೂ ತೋರಿಸಲಿಲ್ಲ. ಕಣ್ಣು ಮಂಜಾಗಿ ಎರಡು ವರ್ಷದ ಹಿಂದೆ ಅವರು ಅಂಗಡಿ ಮುಚ್ಚಿದ್ರು.

ಸರಿ, ತುದಿ ಕೆರೆದೆ. ಆರು ಪಿನ್ನು ಎದ್ದು ಬಂದ್ವು. ಫೋನ್ ಸ್ಪೀಕರಿನಲ್ಲೇ ಇತ್ತು. ಹುಡುಗಿ ಕೇಳಿದಳು, "ತಾತ, ವಾರ್ನಿಷ್ ಯಾಕೆ ಬೇಕು ಹಾಗಾದ್ರೆ?"

"ಇಲ್ದಿದ್ರೆ ಕರೆಂಟು ಸುತ್ತಿಂದ ಸುತ್ತಿಗೆ ಅಡ್ಡದಾರಿ ಹಿಡಿಯುತ್ತೆ ಮಗ. ಸುತ್ತಿ ಬಳಸಿಕೊಂಡು ಹೋದ್ರೇ ಅದರಿಂದ ಕೆಲಸ ಆಗೋದು."

ನಾಲ್ಕು ವರ್ಷ ಓದಿದ್ದು ಎರಡು ವಾಕ್ಯ! ವಿದ್ಯುತ್ಕಾಂತದ ಚರಿತ್ರೆಯೂ ಇದೇ. 1825ರಲ್ಲಿ ಇಂಗ್ಲೆಂಡಿನ ಸ್ಟರ್ಜನ್ ಮೊದಲ ವಿದ್ಯುತ್ಕಾಂತ ತೋರಿಸಿದಾಗ ವಾರ್ನಿಷ್ ಬಳಿದದ್ದು ಕಬ್ಬಿಣಕ್ಕೆ, ತಂತಿ ಬರಿದು. ಹಾಗಾಗಿ ಸುತ್ತುಗಳನ್ನ ದೂರ ದೂರ ಸುತ್ತಬೇಕಿತ್ತು. ಅದು ಸುಮಾರು 4 ಕಿಲೋ ಎತ್ತಿತು. ಅಮೆರಿಕದ ಜೋಸೆಫ್ ಹೆನ್ರಿ ತಂತಿಗೇ ರೇಷ್ಮೆ ಹೊದಿಸಿದ. ಆಗ ಒತ್ತೊತ್ತಾಗಿ, ಪದರದ ಮೇಲೆ ಪದರ ಸುತ್ತೋಕಾಯ್ತು. 1831ರಲ್ಲಿ ಅವನ ಕಾಂತ ಎತ್ತಿದ್ದು 900 ಕಿಲೋಗಿಂತ ಹೆಚ್ಚು.

ನಾವೂ ಇನ್ನೊಂದು ಪದರ ಹಾಕಿದ್ವಿ. "ವಾಪಸ್ ಬರುವಾಗಲೂ ಅದೇ ದಿಕ್ಕಿಗೇ ಸುತ್ತು. ಉಲ್ಟಾ ಸುತ್ತಿದ್ರೆ ಒಂದನ್ನೊಂದು ಹೊಡೆದು ಹಾಕ್ತವೆ" ಅಂದ್ರು ಅಪ್ಪ. ನೂರು ಸುತ್ತಿಗೆ ಹತ್ತು ಪಿನ್ನು.

"ಹನ್ನೆರಡು ಯಾಕೆ ಬರ್ಲಿಲ್ಲ ಮಾಮ?"

ಇದಕ್ಕೆ ನಾನೇ ಉತ್ತರ ಕೊಟ್ಟೆ, ಸಮಾಧಾನ ಆಯ್ತು. ತಂತಿ ಉದ್ದ ಆದಷ್ಟೂ ಅದರ ರೋಧ ಹೆಚ್ಚು, ಕರೆಂಟು ಕಡಿಮೆ. ಕಾಂತದ ಬಲಕ್ಕೆ ಸುತ್ತು, ಕರೆಂಟು ಎರಡೂ ಲೆಕ್ಕಕ್ಕೆ ಬರ್ತವೆ.

ಕಡೆಗೆ ಇನ್ನೊಂದು ತರಲೆ. ಸೆಲ್ಲು ತೆಗೆದ ಮೇಲೂ ಎರಡು ಪಿನ್ನು ಮೊಳೆಗೇ ಅಂಟಿಕೊಂಡಿದ್ವು. ಉಕ್ಕು ಕಾಂತಶಕ್ತಿಯನ್ನ ಬೇಗ ಬಿಡಲ್ಲ, ಮೆದು ಕಬ್ಬಿಣ ಬಿಡುತ್ತೆ. "ಮೊಳೆಯನ್ನ ಕೆಂಡದಲ್ಲಿ ಕೆಂಪಗೆ ಕಾಯಿಸಿ ಬೂದಿಯೊಳಗೆ ನಿಧಾನ ಆರೋಕೆ ಬಿಡು, ಮೆತ್ತಗಾಗುತ್ತೆ" ಅಂದ್ರು ಅಪ್ಪ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಕೆಂಡ ಎಲ್ಲಿಂದ ತರ್ಲಿ! ಹಾಗೇ ಬಿಟ್ವಿ.

ಮಕ್ಕಳಿಗೆ ಮಾಡಿಕೊಡೋರಿಗೆ ಒಂದು ಮಾತು. ಒಂದು ಸೆಲ್ಲು ಸಾಕು, ಕೆಲವು ಸೆಕೆಂಡಿಗಿಂತ ಹೆಚ್ಚು ಮುಟ್ಟಿಸಬೇಡಿ, ತಂತಿ ಬಿಸಿಯಾಗುತ್ತೆ. ಗೋಡೆಯ ಪ್ಲಗ್ಗಿಗೆ ಮಾತ್ರ ಖಂಡಿತಾ ಬೇಡ.

ಭಾನುವಾರ ರಾತ್ರಿ ಹುಡುಗಿ ಚಾರ್ಟಿನ ಕೆಳಗೆ "ಸಹಾಯ: ನಮ್ಮ ತಾತ, ಮೋಟರ್ ರಿವೈಂಡಿಂಗ್" ಅಂತ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಳು. ನನ್ನ ಹೆಸರು ಹಾಕಿರಲಿಲ್ಲ. ಅದರ ಫೋಟೋ ಅಪ್ಪನಿಗೆ ಕಳಿಸಿದೆ. ಕಣ್ಣು ಮಂಜು, ಓದೋಕಾಗಲ್ಲ, ಅಮ್ಮ ಓದಿ ಹೇಳಿದಳಂತೆ.

ಮುಂದಿನ ವಾರ ಊರಿಗೆ ಹೋಗ್ತಿದ್ದೀನಿ. ಆ ಉದ್ದ ನೋಟ್‌ಬುಕ್ಕು ಅಟ್ಟದ ಮೇಲೆ ಇನ್ನೂ ಇರ್ಬೇಕು. ಹುಡುಕಬೇಕು.