ಓಮ್ನಿಯನ್ನು ಗುಜರಿಗೆ ಹಾಕುವ ಮುನ್ನ

ಹಳೇ ಕಾರು ಅಂದ ಕೂಡಲೇ ನಮಗೆ ನೆನಪಾಗುವುದು ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿರುವ ಶ್ರೀಮಂತರ ಕಾರುಗಳು. ಇನ್ನು ಇಪ್ಪತ್ತು-ಮೂವತ್ತು ವರ್ಷ ಕಳೆದರೆ ಜನ ಯಾವ ಗಾಡಿ ಹುಡುಕಿಕೊಂಡು ಬರಬಹುದು? ಜೋಯಿಡಾದಲ್ಲಿ ಕೆಸರು ಮೆತ್ತಿಕೊಂಡು ನಿಂತಿರುವ ಓಮ್ನಿಯನ್ನು ಎನ್ನುತ್ತೇನೆ ನಾನು.

1984ರಲ್ಲಿ ಮಾರುತಿ ವ್ಯಾನ್ ಆಗಿ ಬಂದ ಈ ಗಾಡಿಗೆ 1988ರಲ್ಲಿ ಓಮ್ನಿ ಎಂಬ ಹೆಸರು ಬಂತು. 2019ರಲ್ಲಿ ತಯಾರಿಕೆ ನಿಂತಿತು. 796 ಸಿಸಿ ಎಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ದೂರ ಹೋದರೆ ಕೂತವರಿಗೆ ಬಿಸಿ ತಟ್ಟುತ್ತದೆ. ಮುಂದೆ ಬಾನೆಟ್ ಇಲ್ಲದ್ದರಿಂದ ಡಿಕ್ಕಿಯಾದರೆ ಮೊದಲ ಪೆಟ್ಟು ಚಾಲಕನ ಕಾಲಿಗೇ. ಹೊಸ ಸುರಕ್ಷತಾ ನಿಯಮ ಬಂದಾಗ ಅದು ನಿಂತದ್ದು ಸರಿಯೇ.

ಆದರೆ ಸುದ್ದಿಗಾಗಿ ದಾಂಡೇಲಿ, ಹಳಿಯಾಳ, ಮುಂಡಗೋಡ ಸುತ್ತುವಾಗ ನಾನು ಕಂಡದ್ದೇ ಬೇರೆ. ಬಸ್ಸು ಅಪರೂಪವಾದ ಊರುಗಳಲ್ಲಿ ಗರ್ಭಿಣಿಯರನ್ನು ಆಸ್ಪತ್ರೆಗೆ, ಮಕ್ಕಳನ್ನು ಶಾಲೆಗೆ, ಹಲಸಿನಕಾಯಿಯನ್ನು ಸಂತೆಗೆ ಮುಟ್ಟಿಸಿದ್ದು ಇದೇ ಓಮ್ನಿ. ನಮ್ಮ ತಲೆಮಾರಿನ ಎಷ್ಟೋ ಮಂದಿ ಮೊದಲ ಸಲ ಕಾರು ಹತ್ತಿದ್ದೂ ಇದರಲ್ಲೇ.

2019ರಲ್ಲೇ ಜನಸಾಮಾನ್ಯರಿಗೆ ಜಿಪ್ಸಿಯ ಮಾರಾಟವೂ ನಿಂತಿತು. ಜಿಪ್ಸಿಯ ಚಿಂತೆ ನನಗಿಲ್ಲ. ಕಾಡುದಾರಿಯ ಮೋಜಿನವರು ಅದನ್ನು ದುಡ್ಡು ಸುರಿದು ಉಳಿಸಿಕೊಳ್ಳುತ್ತಾರೆ. ಓಮ್ನಿಗೆ ಅಂಥವರು ಕಡಿಮೆ. ಹೆಚ್ಚು ದುಡಿದ ಗಾಡಿಯೇ ಮೊದಲು ಗುಜರಿ ಸೇರುತ್ತದೆ. ದೇಶದ ಮೊದಲ ಮಾರುತಿ 800 ಗಾಡಿಯ ಕಥೆಯನ್ನೇ ನೋಡಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಅದರ ಕೀಲಿಯನ್ನು ಹರ್ಪಾಲ್ ಸಿಂಗ್ ಅವರಿಗೆ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಆ ಕಾರೂ ಮನೆ ಮುಂದೆ ತುಕ್ಕು ಹಿಡಿದು ನಿಂತಿತ್ತು. ಕೊನೆಗೆ ಕಂಪನಿಯೇ ದುರಸ್ತಿ ಮಾಡಿ ತನ್ನ ಕಚೇರಿಯಲ್ಲಿ ಇಟ್ಟುಕೊಂಡಿತು.

ಗಾಡಿ ಉಳಿಸಿಕೊಳ್ಳುವುದು ಸುಲಭವಲ್ಲ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2021ರ ಕೇಂದ್ರ ನಿಯಮದಲ್ಲಿ ಪಾರಂಪರಿಕ ವಾಹನಕ್ಕೆ ಬೇರೆ ನೋಂದಣಿ ಉಂಟು. ಆದರೆ ಗಾಡಿಗೆ 50 ವರ್ಷ ತುಂಬಿರಬೇಕು. ನಮ್ಮ ಓಮ್ನಿಗಳು ಅಲ್ಲಿಯವರೆಗೆ ನಿಲ್ಲಬೇಕಲ್ಲ!

ಹಾಗಾಗಿ ಎಲ್ಲರೂ ಇಟ್ಟುಕೊಳ್ಳಿ ಎನ್ನುವುದಿಲ್ಲ. ಹೊಟ್ಟೆಪಾಡಿಗೆ ಮಾರುವವರು ಮಾರಲೇಬೇಕು. ಇಟ್ಟುಕೊಳ್ಳುವ ಮನಸ್ಸಿದ್ದವರು ಮಳೆ ತಾಗದಂತೆ ಚಪ್ಪರದಡಿ ನಿಲ್ಲಿಸಿ. ತಳಕ್ಕೆ ಕೆಸರು ಕೂತಿದ್ದರೆ ತೊಳೆಯಿರಿ, ನಮ್ಮ ಮಳೆಗಾಲದಲ್ಲಿ ತುಕ್ಕು ಶುರುವಾಗುವುದೇ ಅಲ್ಲಿಂದ. ಮೂಲ ಭಾಗ, ಹಳೇ ಬಿಲ್ಲು, ಆರ್‌ಸಿ ಎಸೆಯಬೇಡಿ. ಮಾರುವವರು ಒಂದು ಫೋಟೊ ತೆಗೆದು, ಅದರಲ್ಲಿ ಯಾರ್ಯಾರು ಆಸ್ಪತ್ರೆ ಮುಟ್ಟಿದರು ಅಂತ ಬರೆದಿಡಿ. ಕಾರಿನ ಬೆಲೆಯನ್ನು ಸಂಗ್ರಹಕಾರ ಕಟ್ಟಬಹುದು, ಈ ಲೆಕ್ಕ ಗೊತ್ತಿರುವುದು ಊರಿನವರಿಗೆ ಮಾತ್ರ.